ಶನಿಗ್ರಹದಾಚೆ ಕುಳಿತವನು

ಚೌಡಾಪುರ
೨೨-೮-೧೯೮೬

ಪ್ರೀತಿಯ ಖುರ್ಷಿದ,

ನಿನ್ನ ಗೌರಾಳ ಸಲಾಮು. ಗುಲಬರ್ಗಾ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೀನು ಕಳಿಸಿದ ಪುಸ್ತಕ ಸೋಮವಾರ ಮುಟ್ಟಿತು. ಆಳಂದದ ವಾಚನಾಲಯದಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು ಈ ಕಾದಂಬರಿಯ ಮೊದಲ ಭಾಗ ಓದಿದವರು ನಾವು. ಎರಡನೆಯದನ್ನು ನನಗೆ ತಿಳಿಸದೆ ನೀನೊಬ್ಬಳೇ ಓದಿ ಮುಗಿಸಿದ್ದರೆ ನಿನ್ನ ಜೊತೆ ಮಾತು ಬಿಡುತ್ತಿದ್ದೆ.

ಮೊದಲು ನನ್ನ ಸಿಟ್ಟು ಕೇಳು. ಕ್ಯಾಪ್ಟನ್ ಸೋಮದತ್ತನ ನೌಕೆ ಶನಿಗ್ರಹದ ಹಿಂದೆ ಮರೆಯಾಗಿ, ರೇಡಿಯೋ ನಿಂತು, ಕಥೆ ಅಲ್ಲಿಗೇ ಕಡಿದುಹೋಗಿತ್ತು. ಹದಿಮೂರು ವರ್ಷ ನಮ್ಮನ್ನು ಕಾಯಿಸಿ ಈಗ ಈ ಲೇಖಕ ಮಹಾರಾಯರು ಕೊಟ್ಟದ್ದೇನು? ಹೊಸ ನಾಯಕ, ಜೋಕು ಹೇಳುವ ಯಂತ್ರಮಾನವ, ನೌಕೆಯೊಳಗೂ ರೇಷ್ಮೆ ಸೀರೆ ಉಟ್ಟ ಡಾಕ್ಟರಮ್ಮ! ಮೂರು ಅಧ್ಯಾಯ ಬೈದುಕೊಳ್ಳುತ್ತಲೇ ಓದಿದೆ. ನಾಲ್ಕನೆಯದಕ್ಕೆ ಬಂದಾಗ ಬಾಯಿ ಕಟ್ಟಿತು.

ಹಳೆಯ ನೌಕೆ ಸಿಗುತ್ತದೆ. ಬಾಗಿಲು ತೆರೆದರೆ ಸೋಮದತ್ತ ತನ್ನ ಆಸನದಲ್ಲಿ ನೆಟ್ಟಗೆ ಕುಳಿತಿದ್ದಾನೆ, ಸತ್ತು ಎಷ್ಟೋ ವರ್ಷವಾಗಿದೆ. ಎಡಗೈ ಎದೆಯ ಮುಂದೆ, ಅಂಗೈಯಲ್ಲಿ ನಿಂತುಹೋದ ದಿಕ್ಸೂಚಿ. ಖುರ್ಷಿದ, ನಮ್ಮಲ್ಲಿ ಸತ್ತವರನ್ನು ಸಮಾಧಿಯಲ್ಲಿ ಕೂಡಿಸುವುದು ಹೀಗೆಯೇ. ನೆಟ್ಟಗೆ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗ ಇಡುತ್ತೇವೆ. ಬರೆದವರಿಗೆ ಇದನ್ನು ಯಾರು ಹೇಳಿದರೋ ತಿಳಿಯದು.

ನಮ್ಮವರನ್ನು ಭೀಮಾನದಿ ಒಯ್ದು ಹನ್ನೊಂದು ವರ್ಷವಾಯಿತು. ದೇಹ ಸಿಗಲಿಲ್ಲ, ಕೂಡಿಸಲಾಗಲಿಲ್ಲ. ಸೋಮವಾರದಿಂದ ಕಣ್ಣು ಮುಚ್ಚಿದರೆ ಸಾಕು, ನದಿಯ ತಳದಲ್ಲಿ ಅವರು ನೆಟ್ಟಗೆ ಕುಳಿತಿರುವುದು ಕಾಣುತ್ತದೆ. ತೆರೆದರೂ ಒಂದು ಗಳಿಗೆ ಹೋಗುವುದಿಲ್ಲ. ನನಗೆ ಹೆದರಿಕೆಯಾಗುತ್ತಿದೆ.

ನಿನಗೆ ಒಂದು ಕಳ್ಳತನ ಹೇಳಬೇಕು. ಶ್ರಾವಣದಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಸೊಸೆ ಪುರಾಣ ಓದುವುದು, ಹಿರಿಯರು ಕೇಳುವುದು ಈ ಮನೆಯ ವಾಡಿಕೆ. ಅತ್ತೆ ಸುಭದ್ರಾಬಾಯಿಯವರಿಗೆ ಕಣ್ಣು ಪೂರ್ತಿ ಹೋಗಿವೆ. ನಮ್ಮವರು ಹೋದ ಮರುವರ್ಷ ನನಗೆ ಪುರಾಣ ಓದಲು ಮನಸ್ಸೇ ಬರಲಿಲ್ಲ. ಅದರೊಳಗೆ ನಮ್ಮ ಕಾದಂಬರಿಯನ್ನಿಟ್ಟು ಓದಿದೆ. ನೌಕೆಯನ್ನು ಪುಷ್ಪಕವಿಮಾನ ಮಾಡಿದೆ, ಸೋಮದತ್ತನನ್ನು ಶರಣ ಮಾಡಿದೆ. ನಗಬೇಡ. ಅತ್ತೆ ಕೈಮುಗಿದು ಕೇಳಿದರು. ಆಮೇಲೆ ಪ್ರತಿ ಶ್ರಾವಣಕ್ಕೂ ಅದೇ ಪುರಾಣವಾಯಿತು. ಮುಗಿದಾಗಲೆಲ್ಲ ಒಂದೇ ಪ್ರಶ್ನೆ, "ಆ ಶರಣ ತಿರುಗಿ ಬರ್ತಾನೇನ್ ಬೇ?" ಅವರು ಕೇಳುತ್ತಿದ್ದುದು ತಮ್ಮ ಮಗನನ್ನೇ ಎಂದು ನನಗೆ ಗೊತ್ತಿತ್ತು. "ಬರ್ತಾನ್ರೀ ಅತ್ತಿ," ಎನ್ನುತ್ತಿದ್ದೆ.

ಈ ಸಲ ಮುಂದಿನ ಭಾಗ ಬಂದಿದೆಯೆಂದು ಬಾಯಿ ತಪ್ಪಿ ಹೇಳಿಬಿಟ್ಟೆ. ಹೇಳದೇ ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾಲ್ಕನೆಯ ಅಧ್ಯಾಯ ಓದಿದರೆ ಆ ಮುದುಕಿಯ ಮಗ ಇನ್ನೊಮ್ಮೆ ಸಾಯುತ್ತಾನೆ. ಅದಕ್ಕೇ ನಿನ್ನೆ ಸಂಜೆ ಬದಲಿಸಿ ಓದಿದೆ. ಬಾಗಿಲು ತೆರೆದರು, ಸೋಮದತ್ತ ಕಣ್ಣು ಬಿಟ್ಟು ನಕ್ಕ, ಊರಿಗೆ ಹೊರಟ. ಅತ್ತೆ ನೀರು ಕೇಳಿ ಕುಡಿದು ಗೋಡೆಯ ಕಡೆ ಹೊರಳಿ ಮಲಗಿದರು.

ತಪ್ಪು ಮಾಡಿದೆ ಎಂದು ಬೈಯಬೇಡ. ನನ್ನದೇನಿದೆ? ನಾನು ಎಂದೋ ಒಪ್ಪಿಕೊಂಡವಳು. ಹೊಲಿಗೆ ಮಷಿನ್ನು, ನಾಲ್ಕು ಮನೆಯ ಕುಪ್ಪಸ, ಇಷ್ಟರಲ್ಲಿ ನನ್ನ ದಿನ ಹೋಗುತ್ತದೆ. ಆಸೆ ಇಟ್ಟುಕೊಂಡವರು ಅತ್ತೆ. ಇರುವಷ್ಟು ದಿನ ಇಟ್ಟುಕೊಳ್ಳಲಿ.

ಅಮ್ಮೀಜಾನ್‌ಗೆ ನನ್ನ ಆದಾಬು ಹೇಳು.

ನಿನ್ನ
ಗೌರಾ

ತಾ.ಕ.: ಶನಿವಾರ ಬೆಳಿಗ್ಗೆ. ಪತ್ರವನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಡಲು ಹೊರಟಿದ್ದೆ, ಅತ್ತೆ ಕರೆದರು. "ಮೊನ್ನಿ ಒಂದರ ಹಾಳಿ ತಿರುವಿದ ಸಪ್ಪಳ ಬರಲಿಲ್ಲ. ಹ್ಯಾಂಗ ಓದಿದಿ ಬೇ? ಆ ಹುಡುಗ ಸತ್ತಾನ, ಹೌದಿಲ್ಲೊ?" ಎಂದರು. ನಾನು ಪತ್ರ ಕೆಳಗಿಟ್ಟೆ. "ಅದು ಪುರಾಣ ಅಲ್ಲಂತ ನನಗ ಮೊದಲನೇ ವರ್ಷನ ತಿಳದಿತ್ತು. ನನ್ನ ಮಗ ಹೋದದ್ದೂ ತಿಳದದ. ನೀ ಜೀವ ಹಿಡಕೊಂಡು ಓದ್ತಿದ್ದಿ, ಅದಕ್ಕ ಕೇಳಕೋತ ಕುಂತೆ," ಎಂದರು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿಸಿದರು. ಅವನು ಕುಳಿತಿದ್ದ ಬಗೆಯನ್ನು ಮೂರು ಸಲ ಓದಿಸಿದರು. ಸೋಮವಾರ ಮಠದ ಅಯ್ಯನವರನ್ನು ಕರೆಸಿ ಹೊಲದಲ್ಲಿ ಸಮಾಧಿ ಮಾಡಿಸುತ್ತಾರಂತೆ. ದೇಹದ ಬದಲು ಇಡಲು ಮಗ ತೊಟ್ಟ ಅಂಗಿಯೊಂದನ್ನು ತೆಗೆದಿಡು ಎಂದಿದ್ದಾರೆ. ಹಳೆಯವನ್ನೆಲ್ಲ ಗೆದ್ದಲು ತಿಂದು ಕಾಲವಾಯಿತು, ಖುರ್ಷಿದ. ಟ್ರಂಕಿನಲ್ಲಿ ಹನ್ನೊಂದು ಅಂಗಿಗಳಿವೆ. ಎಲ್ಲ ಅವರ ಅಳತೆಯವು, ವರ್ಷಕ್ಕೊಂದರಂತೆ ನಾನೇ ಹೊಲಿದಿಟ್ಟವು. ಅವರು ತೊಟ್ಟದ್ದು ಒಂದೂ ಇಲ್ಲ. ಸೋಮವಾರದೊಳಗೆ ಬಾ.