ಬೊಟ್ಟಿಟ್ಟ ಹನ್ನೆರಡನೆಯ ಸಂಚಿಕೆ

ಗುಂಡ್ಲುಪೇಟೆ
೨೦ ನವೆಂಬರ್ ೨೦೨೪, ಬುಧವಾರ

ಚಾಮರಾಜನಗರದ ಗಂಗಾಧರಸ್ವಾಮಿಯವರಿಗೆ ರೂಪಶ್ರೀಯ ಶರಣು.

ನಾನು ಕ್ಷೇಮ. ನಿಮ್ಮ ಕ್ಷೇಮ ಕೇಳುವುದಿಲ್ಲ. ಭಾನುವಾರ ಫೋನಿನಲ್ಲಿ ಅಷ್ಟು ಕೂಗಾಡಿದವರ ಗಂಟಲು, ಎದೆ ಎಲ್ಲವೂ ಗಟ್ಟಿಯಾಗಿಯೇ ಇರಬೇಕು. ಫೋನಿನಲ್ಲಿ ನನ್ನ ಒಂದು ಮಾತೂ ಮುಗಿಯಲು ನೀವು ಬಿಡುವುದಿಲ್ಲ. ಕಾಗದವಾದರೆ ನಡುವೆ ಬಾಯಿ ಹಾಕಲಾರಿರಿ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ‘ಕಣಿವೆಯ ಕಾವಲುಗಾರ’ ಕಾಮಿಕ್ಸಿನ ಹನ್ನೆರಡನೆಯ ಸಂಚಿಕೆಯನ್ನು ಕೊಂಡೆ. ನೀವು ಕೊಳ್ಳಲು ಹೇಳಿದ್ದನ್ನಲ್ಲ, ಬೇಡವೆಂದದ್ದನ್ನು.

ಒಟ್ಟು ಮೂವತ್ತು ಸಂಚಿಕೆಗಳಲ್ಲಿ ನಮಗೆ ಸಿಗದೆ ಉಳಿದದ್ದು ಇದೊಂದೇ. ಮದುವೆಯಾದ ಹೊಸದರಲ್ಲಿ ನಂಜನಗೂಡು, ಕೊಳ್ಳೇಗಾಲದ ಗುಜರಿ ಅಂಗಡಿಗಳಲ್ಲೆಲ್ಲ ಮಂಡಿಯೂರಿ ಹುಡುಕಿದವರು ನಾವಿಬ್ಬರು. ಒಂದು ಸಿಕ್ಕರೆ ಮನೆ ತಲುಪುವಷ್ಟು ತಾಳ್ಮೆಯೂ ಇರುತ್ತಿರಲಿಲ್ಲ, ಬಸ್ಸಿನಲ್ಲೇ ತಲೆಗೆ ತಲೆ ತಾಗಿಸಿಕೊಂಡು ಓದುತ್ತಿದ್ದೆವು. ಆಮೇಲೆ ನಿಮ್ಮ ಕೈಗೆ ಭೂತಗನ್ನಡಿ ಬಂತು, ಬಿಳಿಯ ಕೈಗವಸು ಬಂತು, ಹತ್ತಕ್ಕೆ ಇಷ್ಟು ಎಂದು ದರ್ಜೆ ಹಾಕುವ ಪಟ್ಟಿ ಬಂತು. ಮೂಲೆ ಮಡಿಸಿದ್ದರೆ ಅರ್ಧ ಅಂಕ ಕಡಿಮೆ, ಪಿನ್ನು ತುಕ್ಕು ಹಿಡಿದಿದ್ದರೆ ಒಂದು.

ಮಾರ್ಚ್ ತಿಂಗಳ ಆ ಮಧ್ಯಾಹ್ನ ನಾನು ಏನು ಮಹಾಪರಾಧ ಮಾಡಿದ್ದೆ? ಅತ್ತೆ ಬೆಳ್ಳುಳ್ಳಿ ಬಿಡಿಸುತ್ತ ಕತೆ ಓದು ಎಂದರು, ಏಳನೆಯ ಸಂಚಿಕೆ ಓದಿ ಹೇಳಿದೆ. ಸಂಜೆ ನಿಮಗೆ ಪುಟದ ನಡುವೆ ಒಂದು ಬೆಳ್ಳುಳ್ಳಿ ಸಿಪ್ಪೆ ಸಿಕ್ಕಿತು. “ಒಂದೂವರೆ ಅಂಕ ಓಯ್ತು! ಇನ್ಮೇಲೆ ಬೀರು ಕೀಲಿ ನನ್ ತಾವೇ ಇರ್ಲಿ” ಎಂದಿರಿ. ಅತ್ತೆಯ ಮುಖ ಹೇಗೆ ಸಣ್ಣಗಾಯಿತೆಂದು ನೀವು ನೋಡಲಿಲ್ಲ. ನಾನು ನೋಡಿದೆ. ಅದಾದ ಮೂರನೆಯ ದಿನ ಇಲ್ಲಿಗೆ ಬಂದು, ನಾನು ಡ್ರಾಯಿಂಗ್ ಟೀಚರ್ ಆಗಿರುವ ಶಾಲೆಯ ಹಿಂದೆಯೇ ಕೋಣೆ ಹಿಡಿದೆ. ಎಂಟು ತಿಂಗಳಾಯಿತು.

ಈಗ ನೀವು ಮನಸ್ಸು ಕರಗಿಸಿ ಹಾಕಿರುವ ಷರತ್ತು ಕೇಳಿ ನಗು ಬಂತು, ಸಿಟ್ಟೂ ಬಂತು. ಇಲ್ಲಿಯ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ಅಂಗಡಿ ಇಟ್ಟಿರುವ ಸುನೀಲ್ ಕುಮಾರನ ಬಳಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಹಾಕಿದ ಹನ್ನೆರಡನೆಯ ಸಂಚಿಕೆ ಇದೆ, ಹತ್ತಕ್ಕೆ ಒಂಬತ್ತು. “ಅದ ತಕ್ಕಂಡು ಮನೆಗ್ ಬಾ ಕಣಮ್ಮಿ, ಕೀಲಿ ನಿನ್ಗೂ ಒಂದ್ ಮಾಡಿಸ್ತೀನಿ” ಎಂದಿರಿ. ಒಂಬತ್ತು ತಂದರೆ ಹೆಂಡತಿ, ತರದಿದ್ದರೆ ಬಾಡಿಗೆ ಕೋಣೆಯವಳು!

ಹೋಗಿ ನೋಡಿದೆ. ಮುಖಪುಟದ ಹಸಿರು ಬಣ್ಣ ಅಚ್ಚಿನಲ್ಲೇ ಪಕ್ಕಕ್ಕೆ ಜರುಗಿ ಕಾವಲುಗಾರನ ಮೂಗಿನ ಮೇಲೆ ಕೂತಿದೆ. ಓರೆಯಾಗಿ ಕತ್ತರಿಸಿ ಆನೆಯ ಅರ್ಧ ಸೊಂಡಿಲೇ ಹಾರಿಹೋಗಿದೆ. ಅದು ಪ್ರೆಸ್ಸಿನವರ ತಪ್ಪು, ಓದಿದವರದಲ್ಲ, ಹಾಗಾಗಿ ಅಂಕಕ್ಕೆ ಅಷ್ಟೇನೂ ಧಕ್ಕೆಯಿಲ್ಲ ಎಂದು ಸುನೀಲ್ ಕುಮಾರ್ ವಿವರಿಸಿದ. ಯಾರೂ ಮುಟ್ಟದ್ದಕ್ಕೆ ಒಂಬತ್ತು! ಹುಟ್ಟುವಾಗಲೇ ಸೊಟ್ಟಗಿದ್ದದ್ದು ನಿಮ್ಮ ಪಟ್ಟಿಯ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ಪ್ರತಿ ಭೀಮನಬೀಡಿನ ಪುಟ್ಟಬಸಮ್ಮನವರದು. ನಮ್ಮ ಬೀದಿಗೆ ಹಾಲು ತರುತ್ತಾರೆ. ಚಿತ್ರದ ಪುಸ್ತಕಗಳ ಮಾತು ಬಂದಾಗ ಮನೆಗೆ ಕರೆದರು. ಟ್ರಂಕಿನಿಂದ ತೆಗೆದಾಗ ನನ್ನ ಕಣ್ಣು ಅಗಲವಾಯಿತು ಕಣ್ರೀ. ಆ ನೀಲಿ ಬೆಟ್ಟ, ಆ ಆನೆ, ಆ ಕೆಂಪು ರುಮಾಲು! ನಿನ್ನೆ ಅಚ್ಚಾದ ಹಾಗಿತ್ತು. ಹಿಂದೆ ತಿರುಗಿಸಿದರೆ ಪೂರಾ ಅರಿಶಿನ ಕುಂಕುಮದ ಬೊಟ್ಟುಗಳು, ಸಾಲಾಗಿ ಹತ್ತೊಂಬತ್ತು. ಆಯುಧಪೂಜೆಗೊಂದು ಬೊಟ್ಟಿನಂತೆ ಹತ್ತೊಂಬತ್ತು ವರ್ಷ ಪೂಜೆ ಮಾಡಿದ್ದಾರೆ. “ಪುಸ್ತ್ಕ ಅಂದ್ಮೇಲೆ ಪೂಜೆ ಮಾಡ್ದೆ ಬುಟ್ಟಾರಾ? ಮುಂದ್ಗಡೆ ಇಟ್ರೆ ಚಿತ್ರ ಕೆಡ್ತದೆ ಅಂತ ಹಿಂದ್ಗಡೆ ಇಟ್ಟೆ ಕಣವ್ವ” ಎಂದರು. ಬೆಲೆಯ ಮಾತನ್ನು ಕೊನೆಗೆ ಎತ್ತಿದರು. ಮೊದಲು ಕೇಳಿದ್ದು ಒಂದೇ: “ಓದೀಯಾ, ಸುಮ್ನೆ ಮಡಗೀಯಾ?” ಓದುತ್ತೇನೆಂದು ಮಾತು ಕೊಟ್ಟು ತಂದೆ.

ಫೋಟೋ ಕಳಿಸಿದರೆ ಭಾನುವಾರ ಫೋನಿನಲ್ಲಿ ನೀವೇನೆಂದಿರಿ? “ಬೆಳ್ಳಗಿರೋದೆಲ್ಲಾ ಹಾಲಲ್ಲ. ಇದ್ಕೆ ಮೂರೂ ಬರಕಿಲ್ಲ, ಎಸ್ದ್ಬುಡು.” ರೀ, ಅರಿಶಿನದ ಮಂಡಿಯಲ್ಲಿ ಇಪ್ಪತ್ತು ವರ್ಷದಿಂದ ಕೂತಿದ್ದೀರಿ. ಕೊಂಬಿನ ಮೇಲಿನ ಪಾಲಿಶ್ ನೋಡಿ ಯಾವತ್ತಾದರೂ ಬೆಲೆ ಕಟ್ಟಿದ್ದೀರಾ? ಪಟಕ್ಕನೆ ಮುರಿದು ಒಳಗಿನ ಬಣ್ಣ ನೋಡುತ್ತೀರಿ. ಪುಸ್ತಕವನ್ನು ಮಾತ್ರ ತೆರೆಯಬಾರದು, ಡಬ್ಬಿಯಲ್ಲಿಟ್ಟು ಬೀಗ ಹಾಕಬೇಕು. ಇದು ಯಾವ ಊರಿನ ನ್ಯಾಯ?

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಸೋಮವಾರ ಸಂಜೆ ಮೈದಾ ಹಿಟ್ಟಿನ ಉಂಡೆ ಮಾಡಿಕೊಂಡು ಮೊದಲನೆಯ ಬೊಟ್ಟನ್ನು ಉಜ್ಜಿದೆ. ಕುಂಕುಮ ಹೋದರೆ ಅಂಕ ಏರಬಹುದು, ನೀವು ಒಪ್ಪಬಹುದು ಎಂಬ ಆಸೆ. ಬೊಟ್ಟು ಹೋಗಲಿಲ್ಲ, ಕಾಗದದ ಸಿಪ್ಪೆಯೇ ಕಿತ್ತುಬಂತು. ಆ ಮುದುಕಿ ಹತ್ತೊಂಬತ್ತು ವರ್ಷ ಕೈಮುಗಿದದ್ದನ್ನು ನಾನು ಎರಡು ನಿಮಿಷದಲ್ಲಿ ಹಾಳುಮಾಡಿದೆ. ಅತ್ತುಬಿಟ್ಟೆ ನಾನು. ನಿಮಗಾಗಿ ಹೆದರಿ ಮಾಡಿದ ಕೊನೆಯ ಕೆಲಸ ಅದು. ಇನ್ನುಳಿದ ಹದಿನೆಂಟು ಬೊಟ್ಟುಗಳನ್ನು ಯಾರೂ ಮುಟ್ಟಕೂಡದು, ನೀವೂ ಸೇರಿ.

ಈಗ ನನ್ನ ಷರತ್ತು. ಬೀರುವಿನ ಕೀಲಿ ನಿಮ್ಮ ಹತ್ತಿರವೂ ಬೇಡ, ನನ್ನ ಹತ್ತಿರವೂ ಬೇಡ, ಅಡುಗೆಮನೆಯ ಮೊಳೆಗೆ ನೇತುಹಾಕಬೇಕು. ಅತ್ತೆ ಕೇಳಿದ ದಿನ, ಕೇಳಿದ ಸಂಚಿಕೆ, ಬೆಳ್ಳುಳ್ಳಿ ಬಿಡಿಸುತ್ತಲೇ ಓದಬೇಕು. ನನ್ನ ಹನ್ನೆರಡನೆಯದು ನಿಮ್ಮ ಇಪ್ಪತ್ತೊಂಬತ್ತರ ನಡುವೆ ಕೂರಬೇಕು, ಬೊಟ್ಟಿನ ಸಮೇತ. ಒಪ್ಪಿದರೆ ಭಾನುವಾರ ತೆರಕಣಾಂಬಿ ಮೇಲೆ ಬರುವ ಬೆಳಗಿನ ಬಸ್ಸಿಗೆ ಬನ್ನಿ. ಭೂತಗನ್ನಡಿ ತಂದರೆ ಬಾಗಿಲು ತೆಗೆಯುವುದಿಲ್ಲ. ಒಪ್ಪದಿದ್ದರೆ ಅಲ್ಲೇ ಇರಿ, ನನಗೆ ಸಂಬಳವಿದೆ, ಕೋಣೆಯಿದೆ, ಹಾಲು ಮನೆ ಬಾಗಿಲಿಗೆ ಬರುತ್ತದೆ. ನಿಮ್ಮ ನೆನಪು ಬರುವುದಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ, ಬರೆಯುವುದಿಲ್ಲ. ಆದರೆ ಒಂಬತ್ತು ಅಂಕ ಕೈಯಲ್ಲಿ ಹಿಡಿದು ಗಂಡನ ಮನೆ ಮೆಟ್ಟಿಲು ಹತ್ತುವವಳು ನಾನಲ್ಲ.

ಅತ್ತೆಗೆ ನನ್ನ ಶರಣು ತಿಳಿಸಿ. ಈ ಕಾಗದವನ್ನು ಅವರಿಗೂ ಓದಿ ಹೇಳಿ, ಒಂದಕ್ಷರ ಬಿಡದೆ.

ಯಾವ ದರ್ಜೆಗೂ ಕೈಚಾಚದ,
ರೂಪಶ್ರೀ

ತಾ.ಕ.: ಒಂದು ವಿಷಯ ಬೇಕೆಂದೇ ಕೊನೆಗೆ ಇಟ್ಟೆ. ಇವತ್ತು ಬೆಳಿಗ್ಗೆ ಸುನೀಲ್ ಕುಮಾರ್ ಫೋನ್ ಮಾಡಿದ್ದ. ಊಟಿಗೆ ಹೋಗುವ ಕಾರಿನವರೊಬ್ಬರು ಡಬ್ಬಿಯ ಪ್ರತಿ ಕೇಳುತ್ತಿದ್ದಾರಂತೆ, “ಅಕ್ಕ, ನಿಮ್ಗ್ ಬೇಕಾದ್ರೆ ಮಡಿಕ್ಕತೀನಿ” ಎಂದ. ಕೊಟ್ಟುಬಿಡಿ ಎಂದೆ. ಅದು ಇಷ್ಟು ಹೊತ್ತಿಗೆ ಘಟ್ಟ ಹತ್ತಿದೆ. ನಿಮಗೆ ಮೂವತ್ತೂ ಬೇಕೆಂದರೆ ಈಗ ಉಳಿದಿರುವುದು ನನ್ನದೊಂದೇ. ಪುಟ್ಟಬಸಮ್ಮನವರಿಗೆ ಮಾತು ಕೊಟ್ಟು ಐದು ದಿನವಾದರೂ ಅದನ್ನು ನಾನಿನ್ನೂ ಓದಿಲ್ಲ, ಒಂದು ಪುಟವನ್ನೂ ತಿರುವಿಲ್ಲ. ಭಾನುವಾರದವರೆಗೆ ಕಾಯುತ್ತೇನೆ. ಸೋಮವಾರ ಒಬ್ಬಳೇ ಓದಿಬಿಡುತ್ತೇನೆ.