ಐದು ಜನರ ಸ್ಟೂಲು

ಜನವರಿ ೨

ಪಾದ ಉರಿಯುತ್ತಿದೆ. ಅದಕ್ಕಿಂತ ಹೆಚ್ಚು ಮೈ ಉರಿಯುತ್ತಿದೆ.

ಬಟ್ಟೆ ಅಂಗಡಿಯಲ್ಲಿ ನಮಗೆ ಕೂರಲು ಇದ್ದದ್ದು ಒಂದೇ ಸ್ಟೂಲು. ಗಿರಾಕಿ ಇಲ್ಲದಾಗ ಐವರೂ ಸರದಿಯಂತೆ ಐದೈದು ನಿಮಿಷ ಕೂರುತ್ತಿದ್ದೆವು. ನಿನ್ನೆ ಮ್ಯಾನೇಜರ್ ಅದನ್ನೂ ಎತ್ತಿಸಿದ. "ಹೊಸ ವರ್ಷ, ಇನ್ಮೇಲೆ ಯಾರೂ ಕೂರೋ ಹಾಗಿಲ್ಲ. ನೋಡಿದೋರು ಸೋಮಾರಿಗಳು ಅಂತಾರೆ."

ಇವತ್ತು ಬೆಳಿಗ್ಗೆ ಮೇಲಿನ ಕೋಣೆಯಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳುವ ತರಬೇತಿಯಂತೆ. ಹೊರಗಿನಿಂದ ಬಂದ ಮಹಾನುಭಾವ ಒಂದು ಗಂಟೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಮಾತಾಡಿದ. ತಾನು ಕೂತದ್ದು ಯಾವುದರ ಮೇಲೆ? ನಮ್ಮದೇ ಸ್ಟೂಲಿನ ಮೇಲೆ!

"ಕಷ್ಟ ಇರೋದು ಕಾಲಲ್ಲಲ್ಲ ಅಮ್ಮ, ತಲೇಲಿ," ಎಂದ.

ಪರದೆ ವಿಭಾಗದ ಅಕ್ಕ, ಇಪ್ಪತ್ತು ವರ್ಷದಿಂದ ನಿಂತೇ ಇರುವವಳು, ಮೆಲ್ಲಗೆ ಕೇಳಿದಳು: "ಹಾಗಾದ್ರೆ ನೀವ್ಯಾಕೆ ಸರ್ ಕೂತಿದೀರಿ?"

ಮ್ಯಾನೇಜರ್ ಅವಳನ್ನು ದುರುಗುಟ್ಟಿ ನೋಡಿದ. ನಾನು, ಹಾಳಾದವಳು, ನೆಲ ನೋಡಿದೆ. ಸಾಲದ್ದಕ್ಕೆ, ಹೊಸ ವರ್ಷದ ಸಂಕಲ್ಪ ಏನೆಂದು ಆ ಮಹಾನುಭಾವ ಕೇಳಿದಾಗ "ತಾಳ್ಮೆ ಕಲೀತೀನಿ ಸರ್" ಎಂದುಬಿಟ್ಟೆ. ಅಕ್ಕನ ಊದಿದ ಪಾದ ನನ್ನ ಪಾದದ ಪಕ್ಕದಲ್ಲೇ ಇತ್ತು.

ಆ ಸಂಕಲ್ಪ ವಾಪಸ್ಸು. ಸ್ಟೂಲು ಇನ್ನೂ ಮೇಲೇ ಇದೆ. ನಾಳೆ ಬೇಗ ಹೋಗಿ ಕೆಳಗಿಳಿಸುತ್ತೇನೆ. ಮೊದಲ ಐದು ನಿಮಿಷ ಅಕ್ಕನದು. ಯಾರು ತಂದದ್ದು ಎಂದು ಮ್ಯಾನೇಜರ್ ಕೇಳಲಿ, ಈ ಸಲ ನೆಲ ನೋಡುವುದಿಲ್ಲ.