ಮನುಷ್ಯರ ಡಬ್ಬಿಯಲ್ಲಿ ಬೆಟ್ಟ

ಅಕ್ಕಾ,

ಬೆನ್ನುನೋವು ಬಿಟ್ಟರೆ ಕ್ಷೇಮ. ಇಲ್ಲಿ ಮುದಿ ಪಂಡಿತರೊಬ್ಬರ ಹಳೆಗಾಲದ ಅರಬ್ಬಿ ನಿಘಂಟಿಗೆ ಪದ ಬರೆದ ಚೀಟಿ ಜೋಡಿಸುತ್ತಿದ್ದೇನೆ. ದೊಡ್ಡ ಮೂಗಿನವನು ಉನಾಫೀ, ದೊಡ್ಡ ತಲೆಯವನು ರುಆಸೀ, ಮಹಾಬೆಟ್ಟ ತೌದ್. ಬರೀ ‘ದೊಡ್ಡದು’ ಅಂದರೆ ಸಾಲದು. ಮನುಷ್ಯರ ಮಾತಿಗೊಂದು ಡಬ್ಬಿ, ನೆಲದ ಮಾತಿಗೊಂದು. ನಿನ್ನೆ ತೂಕಡಿಸುತ್ತ ಬೆಟ್ಟ ಬಯಲುಗಳನ್ನೆಲ್ಲ ಮನುಷ್ಯರ ಡಬ್ಬಿಗೆ ತುಂಬಿಬಿಟ್ಟೆ. ಯಾರೂ ನೋಡಿರಲಿಲ್ಲ, ನಾನೇ ಹೋಗಿ ಪಂಡಿತರಿಗೆ ಹೇಳಿದೆ.

“ಶಾಲೆ ಬಿಟ್ಟವಳು ಅಂತ ಗೊತ್ತಿತ್ತು, ನಿದ್ದೆ ಬಿಟ್ಟಿಲ್ಲ ಅಂತ ಈಗ ಗೊತ್ತಾಯ್ತು,” ಅಂದರು.

“ಹೋಗ್ಲಾ ಹಾಗಾದ್ರೆ?”

“ಎಲ್ಲಿಗೆ? ತಪ್ಪು ಒಪ್ಕೊಳ್ಳೋರು ನಂಗೆ ಇನ್ನೆಲ್ಲಿ ಸಿಗ್ತಾರೆ? ಕೂತ್ಕೋ, ಮೊದಲಿಂದ ವಿಂಗಡಿಸು.”

ಇನ್ನೂ ಒಂದು ವರ್ಷಕ್ಕಾಗುವಷ್ಟು ಚೀಟಿಗಳಿವೆ. ಕೆಲಸ ಉಳಿಯಿತೆಂದು ಅಮ್ಮನಿಗೆ ಹೇಳು. ನಿಜ ಹೇಳಬೇಕೆಂದರೆ, ಓಡಿಸಿದರೆ ಮನೆಗೆ ಬರಬಹುದೆಂದೇ ತಪ್ಪು ಒಪ್ಪಿಕೊಂಡಿದ್ದೆ.

ನಿನ್ನ ತಂಗಿ